ಕೈ ಎತ್ತಿದ ಮಹನೀಯರು

ನಮ್ಮ ಬೀದಿಯ ಕ್ಲಬ್ಬಿಗೆ ಇದ್ದಕ್ಕಿದ್ದಂತೆ ಎಲ್ಲರನ್ನೂ ಒಳಗೊಳ್ಳುವ ಹುಚ್ಚು ಹಿಡಿಯಿತು. ಬಾಗಿಲ ಮೇಲೆ ‘ಎಲ್ಲರ ದನಿ’ ಎಂಬ ಬ್ಯಾನರ್ ಬಂತು. ಈ ದನಿಯ ಸಭೆಗೆ ಮುಖ್ಯ ಅತಿಥಿ ಯಾರಪ್ಪಾ ಅಂದರೆ, ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ನನ್ನ ತಮ್ಮ. ಇವರ ತಲೆ ಓಡುವುದೇ ಇಷ್ಟು.

ತಮ್ಮ ದರ್ಜಿ. ಬೀದಿಯ ಅರ್ಧ ಗಂಡಸರ ಹೊಟ್ಟೆಯ ಸುತ್ತಳತೆ ಅವನಿಗೆ ಗೊತ್ತು. ಅವನಿಗೆ ಬೇಕಾಗಿದ್ದದ್ದು ಒಂದೇ, ಕ್ಲಬ್ಬಿನ ಸದಸ್ಯನಾಗಿ ಸಂಜೆ ಹೊತ್ತು ಅಲ್ಲಿ ಕೂತು ಚೆಸ್ ಆಡುವುದು. ಅವನ ಪರವಾಗಿ ನಾನು ಕೇಳಿದಾಗಲೆಲ್ಲ ಕ್ಲಬ್ಬಿನವರು, “ಸಭೆಯಲ್ಲಿ ನಡೆಯೋದು ಅವನಿಗೆ ಕೇಳಿಸಲ್ವಲ್ಲಮ್ಮ” ಎಂದು ಕೈ ಎತ್ತಿಬಿಡುತ್ತಿದ್ದರು. ಕಿವಿ ನೆಟ್ಟಗಿರುವ ಮಹನೀಯರು ಅದೇ ಸಭೆಯಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುವುದನ್ನು ನನ್ನ ತಮ್ಮ ಕಿಟಕಿಯಾಚೆ ನಿಂತು ಎಷ್ಟೋ ಸಲ ನೋಡಿದ್ದಾನೆ. ಅಲ್ಲಿ ಕೈ ಎತ್ತಿದರೆ ಒಪ್ಪಿಗೆ ಎಂಬುದನ್ನೂ ಹಾಗೆ ನೋಡಿಯೇ ತಿಳಿದುಕೊಂಡಿದ್ದ.

ಸನ್ಮಾನದ ದಿನ ತನ್ನ ಕೈಯಾರೆ ಹೊಲಿದ ಹೊಸ ಅಂಗಿ ಹಾಕಿಕೊಂಡು ವೇದಿಕೆ ಹತ್ತಿದ. ಅಧ್ಯಕ್ಷರು ಮುತುವರ್ಜಿಯಿಂದ ಮೈಕನ್ನು ಅವನ ಬಾಯಿಯ ಮಟ್ಟಕ್ಕೆ ಇಳಿಸಿಕೊಟ್ಟರು. ನಾನು ತುಟಿ ಕಚ್ಚಿ ನಗು ತಡೆದೆ. ಯಾರೋ ಅವರ ಕಿವಿಯಲ್ಲಿ ಏನೋ ಊದಿದ ಮೇಲೆ, ಅವನ ಕೈಸನ್ನೆಯನ್ನು ಬಿಡಿಸಿ ಹೇಳಲು ನನ್ನನ್ನು ಕರೆದರು.

ತಮ್ಮ ಸನ್ನೆ ಮಾಡಿದ. ನಾನು ಹೇಳಿದೆ. “ಸನ್ಮಾನ ಬೇಡ, ನನ್ನನ್ನ ಸದಸ್ಯ ಮಾಡ್ಕೊಳ್ತೀರಾ ಅಂತ ಕೇಳ್ತಿದ್ದಾನೆ.”

ಸಭೆ ಪೆಚ್ಚಾಯಿತು. ಅಧ್ಯಕ್ಷರು ಮಾತ್ರ ಗಟ್ಟಿ ಆಸಾಮಿ, ಹಲ್ಲು ಕಿರಿದರು.

“ಎಷ್ಟು ಚೆನ್ನಾಗಿ ಹೇಳಿದ! ಇಂಥವರಿಗೆ ಚಪ್ಪಾಳೆ ತಟ್ಟಿದ್ರೆ ಕೇಳಿಸಲ್ಲ, ಎರಡೂ ಕೈ ಎತ್ತಿ ಅಲ್ಲಾಡಿಸ್ಬೇಕು. ನಾನು ಕಲ್ತ್ಕೊಂಡೇ ಬಂದಿದೀನಿ. ಎಲ್ಲಿ, ಎಲ್ರೂ ಎತ್ತಿ!”

ಎತ್ತಿದರು. ಕುರಿಮಂದೆ, ಯಾಕೆ ಎಂದು ಒಬ್ಬನೂ ಕೇಳಲಿಲ್ಲ.

ನಮ್ಮ ಮನೆಯ ಕೈಸನ್ನೆಯಲ್ಲಿ ಅಂಥದೊಂದು ಚಪ್ಪಾಳೆ ಇಲ್ಲ. ತಮ್ಮ ಕಂಡದ್ದು ಇಡೀ ಸಭೆಯ ಒಪ್ಪಿಗೆಯನ್ನು. ಅವನ ಕಣ್ಣು ತುಂಬಿತು. ವೇದಿಕೆ ಇಳಿದು ನೆಟ್ಟಗೆ ಮೂಲೆಯ ಚೆಸ್ ಮೇಜಿಗೆ ಹೋಗಿ ಕೂತು, ಕಾಯಿಗಳನ್ನು ಜೋಡಿಸತೊಡಗಿದ.

ಕಾರ್ಯದರ್ಶಿ ನನ್ನ ಬಳಿ ಓಡಿಬಂದ. “ಅದು ವೋಟಲ್ಲಮ್ಮ, ಚಪ್ಪಾಳೆ! ಎದ್ದೇಳೋಕೆ ಹೇಳಿ ಅವನಿಗೆ.”

“ಅಧ್ಯಕ್ಷ ಸಾರೇ ಹೇಳ್ಲಿ. ಭಾಷೆ ಕಲ್ತು ಬಂದಿದಾರಲ್ಲ.”

ಅಧ್ಯಕ್ಷರು ಹೋಗಿ ಅವನೆದುರು ನಿಂತು, ಬೇಡ ಬೇಡ ಎಂದು ಎರಡೂ ಕೈ ಆಡಿಸಿದರು. ಸಭೆಯೂ ಈಗಷ್ಟೇ ಹಾಗೆಯೇ ಆಡಿಸಿತ್ತಲ್ಲ! ತಮ್ಮ ನಗುತ್ತಾ ಎದುರಿನ ಕುರ್ಚಿ ಎಳೆದು, ಬಿಳಿ ಕಾಯಿಗಳನ್ನು ಅವರ ಕಡೆಗೆ ತಿರುಗಿಸಿಟ್ಟ. ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಎಂದೂ ಕಂಡಿರಲಿಲ್ಲ. ಅದನ್ನು ಅಳಿಸುವ ಕೆಲಸ ನನ್ನ ಕೈಯಿಂದಂತೂ ಆಗದು.

“ಹೇಳ್ರಮ್ಮಾ, ನಿಮಗೇ ಹೇಳ್ತಿರೋದು!” ಕಾರ್ಯದರ್ಶಿ ನನ್ನ ಕಿವಿಯ ಹತ್ತಿರವೇ ಕೂಗಿದ.

ನನಗೆ ಏನೂ ಕೇಳಿಸಲಿಲ್ಲ.