ಆದರೆ ಸಾಹೇಬರು

ನಡೆಯುತ್ತಿದ್ದವರು ನಡುದಾರಿಯಲ್ಲಿ ಗಕ್ಕನೆ ನಿಂತುಬಿಡುವುದು ಅವರ ಹುಟ್ಟುಗುಣ. ವಿದೇಶಾಂಗ ಇಲಾಖೆಯ ಉದ್ದನೆಯ ಕಾರಿಡಾರಿನಲ್ಲಿ, ಕಂಕುಳಲ್ಲಿ ಕಡತ ಇರುಕಿಕೊಂಡು, ತಲೆಯನ್ನು ತುಸು ಎಡಕ್ಕೆ ವಾಲಿಸಿ ಸರಸರನೆ ಬರುತ್ತಿರುವಾಗ ಅವರ ಒಳಗೆಲ್ಲೋ ಒಂದು ಸಂಶಯ ಮೊಳೆಯುತ್ತಿತ್ತು. ಮೊಳೆತದ್ದೇ ತಡ, ಕಾಲುಗಳು ಯಜಮಾನರ ಅಪ್ಪಣೆಗೂ ಕಾಯದೆ ನಿಂತುಬಿಡುತ್ತಿದ್ದವು. ಹಿಂದೆ ಬರುತ್ತಿದ್ದವರು ಅವರ ಬೆನ್ನಿಗೆ ಡಿಕ್ಕಿ ಹೊಡೆಯುತ್ತಿದ್ದರು. ಹೊಸದಾಗಿ ಸೇರಿದ ಗುಮಾಸ್ತರಿಗೆ ಹಳಬರು ಹೇಳುತ್ತಿದ್ದ ಮೊದಲ ಬುದ್ಧಿಮಾತೇ, "ಅವರ ಹಿಂದೆ ಹೋಗುವಾಗ ಸ್ವಲ್ಪ ದೂರ ಇಟ್ಟುಕೊಳ್ಳಿ" ಎಂಬುದು. ಡಿಕ್ಕಿ ಹೊಡೆದವರ ಮೇಲೆ ಅವರು ಎಂದೂ ರೇಗಿದವರಲ್ಲ. ತಿರುಗಿ ನೋಡಿ, "ನಿಮ್ಮದೇನೂ ತಪ್ಪಿಲ್ಲ, ಆದರೆ..." ಎಂದು ಆರಂಭಿಸಿ, ಆ 'ಆದರೆ'ಯ ಮುಂದೆ ಏನು ಬರಬೇಕೆಂಬುದು ಹೊಳೆಯದೆ, ಮೂಗಿನ ತುದಿ ಉಜ್ಜಿಕೊಂಡು ಮತ್ತೆ ನಡೆಯತೊಡಗುತ್ತಿದ್ದರು. ಹೀಗಾಗಿ ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಇಲಾಖೆಯಲ್ಲಿ ಯಾರ ನಾಲಗೆಗೂ ಬರುತ್ತಿರಲಿಲ್ಲ. ಎಲ್ಲರಿಗೂ ಅವರು 'ಆದರೆ ಸಾಹೇಬರು'.

ಇಲಾಖೆಯ ಕಾನೂನು ಸಲಹೆಗಾರರಾಗಿದ್ದ ಅವರ ವಿಷಯ ದೇಶದೇಶಗಳ ನಡುವಣ ಕಾನೂನು. ಅಷ್ಟು ಸಂಶಯವುಳ್ಳ ಮನುಷ್ಯ ಅದೇ ವಿಷಯಕ್ಕೆ ಹೋಗಿ ಬಿದ್ದದ್ದು ವಿಧಿಯ ಕುಚೋದ್ಯವೋ, ಇಲ್ಲ ಆ ವಿಷಯವೇ ಅವರನ್ನು ಹಾಗೆ ಮಾಡಿತೋ, ಹೇಳುವುದು ಕಷ್ಟ. ಪಕ್ಕದ ಮನೆಯವನು ನಮ್ಮ ಗೋಡೆ ಒಡೆದರೆ ಪೊಲೀಸರಿದ್ದಾರೆ, ನ್ಯಾಯಾಲಯವಿದೆ, ಕೊನೆಗೆ ಜೈಲಿದೆ. ಒಂದು ದೇಶ ಮಾತಿಗೆ ತಪ್ಪಿದರೆ ಅದರ ಕೊರಳಪಟ್ಟಿ ಹಿಡಿಯುವವರು ಯಾರು? ಆದರೂ ದೇಶಗಳನ್ನು ಬಂಧಿಸುವ ನಿಯಮಗಳಿವೆ ಎಂದು ಗ್ರಂಥಗಳು ಹೇಳುತ್ತವೆ: ಸಹಿ ಹಾಕಿದ ಒಪ್ಪಂದ ಬಂಧಿಸುತ್ತದೆ, ನಡೆಸಲೇಬೇಕೆಂಬ ಭಾವದಿಂದ ನಡೆಸಿಕೊಂಡು ಬಂದ ರೂಢಿ ಬಂಧಿಸುತ್ತದೆ, ಎಲ್ಲ ನಾಡುಗಳ ನ್ಯಾಯಪದ್ಧತಿಯೂ ಒಪ್ಪುವ ಸಾಮಾನ್ಯ ತತ್ತ್ವಗಳು ಬಂಧಿಸುತ್ತವೆ, ಇವುಗಳಲ್ಲಿ ಯಾವುದು ಏನು ಹೇಳುತ್ತದೆಂದು ತಿಳಿಯದಾದಾಗ ಹಳೆಯ ತೀರ್ಪುಗಳನ್ನೂ ಪಂಡಿತರ ಬರಹಗಳನ್ನೂ ನೋಡಬೇಕು. ಸಾಹೇಬರಿಗೆ ಇದೆಲ್ಲ ಬಾಯಿಪಾಠ. ಬಾಯಿಪಾಠವಾದಷ್ಟೂ ಗೊಂದಲ ಹೆಚ್ಚಿತೇ ಹೊರತು ಇಳಿಯಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ, "ನಿಮ್ಮ ಕಾನೂನು ಮುರಿದರೆ ಹಿಡಿಯೋಕೆ ಯಾರು ಬರ್ತಾರೆ?" ಎಂದು ಕೇಳಿದ್ದಳಂತೆ. "ಯಾರೂ ಬರಲ್ಲ." "ಮತ್ತೆ ಯಾಕೆ ಪಾಲಿಸ್ತಾರೆ?" ಆ ಪ್ರಶ್ನೆಯನ್ನು ಅವರು ಆಮೇಲೆ ಜೀವನಪೂರ್ತಿ ಹೊತ್ತು ತಿರುಗಿದರು.

ಆ ಹೆಂಡತಿ ಮನೆಯ ಕೆಳಗಿನ ಅಂತಸ್ತಿನಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದ ಗಟ್ಟಿಗಿತ್ತಿ. ಅಳತೆ ಹಿಡಿದು, ಸೀಮೆಸುಣ್ಣದಲ್ಲಿ ಗೀರೆಳೆದು, ಬಟ್ಟೆಗೆ ಕತ್ತರಿ ಇಟ್ಟಳೆಂದರೆ ಮುಗಿಯಿತು, ಹಿಂದೆ ತಿರುಗಿ ನೋಡುವ ಮಾತಿಲ್ಲ. ಗಂಡನ ಬೂದುಬಣ್ಣದ ಕೋಟಿನ ಜೇಬುಗಳಿಗೆ ಅವಳು ಎಷ್ಟು ಸಲ ಹೊಸ ಅಸ್ತರಿ ಹಾಕಿದ್ದಳೋ ಲೆಕ್ಕವಿಲ್ಲ. ಯಾವುದೇ ಪ್ರಕರಣ ಬರಲಿ, ದೇಶ ಬದ್ಧ ಎನ್ನಲು ಹೊಳೆದ ಕಾರಣಗಳನ್ನು ಚೀಟಿಗಳಲ್ಲಿ ಗೀಚಿ ಬಲಜೇಬಿಗೂ, ಬದ್ಧವಲ್ಲ ಎನ್ನುವ ಕಾರಣಗಳನ್ನು ಎಡಜೇಬಿಗೂ ತುರುಕುವುದು ಸಾಹೇಬರ ಅಭ್ಯಾಸ. ಕೆಲವು ಕಾರಣಗಳು ಎರಡು ಕಡೆಗೂ ಸಲ್ಲುವಂತಿರುತ್ತಿದ್ದುದರಿಂದ, ಸಂಜೆ ಮನೆಗೆ ಬರುವಷ್ಟರಲ್ಲಿ ಅವು ಜೇಬಿನಿಂದ ಜೇಬಿಗೆ ಹತ್ತಾರು ಬಾರಿ ವಲಸೆ ಹೋಗಿರುತ್ತಿದ್ದವು. "ಇದು ಯಾವ ಕಡೇದು ರೀ?" ಎಂದು ಅವಳು ಚೀಟಿ ಹಿಡಿದು ನಿಂತರೆ, "ಅದೇ ನನಗೂ ತಿಳೀತಿಲ್ಲ" ಎಂಬ ಪ್ರಾಮಾಣಿಕ ಉತ್ತರ.

ಇಂಥವರ ಬದುಕಿನಲ್ಲಿ ದೊಡ್ಡದೆನ್ನುವಂಥದ್ದು ನಡೆದದ್ದು ಒಂದು ಚಹಾದ ಮೇಜಿನ ಬಳಿ. ಯಾವುದೋ ಸಮ್ಮೇಳನದ ಬಿಡುವಿನಲ್ಲಿ ಇವರ ದೇಶದ ವಿದೇಶಾಂಗ ಸಚಿವೆಯೂ ನೆರೆದೇಶದ ಸಚಿವರೂ ಬಟ್ಟಲು ಹಿಡಿದು ನಿಂತಿದ್ದರು. ಸಾಹೇಬರು ಸಚಿವೆಯ ಮಗ್ಗುಲಲ್ಲೇ ಇದ್ದರು. ನೆರೆಯವರ ಮೀನುಗಾರಿಕೆಯ ದೋಣಿಗಳು ಬಿರುಗಾಳಿಯ ತಿಂಗಳುಗಳಲ್ಲಿ ಇವರ ಕೊಲ್ಲಿಗೆ ಬಂದು ತಂಗುವುದು ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ನೆರೆಯ ಸಚಿವರು ಆ ಮಾತೆತ್ತಿ, "ಮುಂದೇನೂ ತೊಂದರೆ ಆಗಲ್ವಲ್ಲ?" ಎಂದು ಕೇಳಿದರು. ಸಚಿವೆ ಸಕ್ಕರೆಯ ಬಟ್ಟಲಿಗಾಗಿ ಕಣ್ಣಾಡಿಸುತ್ತಲೇ, "ಹೂಂ, ಹೂಂ, ನಮ್ಮ ಕಡೆಯಿಂದ ಏನೂ ಅಡ್ಡಿ ಬರಲ್ಲ ಬಿಡಿ" ಎಂದರು. ಅಷ್ಟೇ. ಸಕ್ಕರೆ ಸಿಕ್ಕಿತು, ಗಂಟೆ ಹೊಡೆಯಿತು, ಎಲ್ಲರೂ ಒಳಗೆ ಹೋದರು. ನೆರೆಯ ಸಚಿವರು ತಮ್ಮ ಊರಿಗೆ ಮರಳಿ, ಇಂಥ ಭರವಸೆ ಸಿಕ್ಕಿದೆಯೆಂದು ಶಾಸನಸಭೆಯಲ್ಲಿ ಸಾರಿದರು. ದೋಣಿಗಳಿಗೆಂದು ತಮ್ಮ ತೀರದಲ್ಲೇ ಕಟ್ಟಬೇಕೆಂದಿದ್ದ ಅಲೆತಡೆ ಗೋಡೆಯ ಯೋಜನೆಯನ್ನು ಕೈಬಿಟ್ಟರು.

ಕೆಲವು ವರ್ಷ ಕಳೆದವು. ಅದೇ ಕೊಲ್ಲಿಯಲ್ಲಿ ದೊಡ್ಡ ಹಡಗುಕಟ್ಟೆಯೊಂದನ್ನು ಕಟ್ಟಬೇಕು, ಪರದೇಶದ ದೋಣಿಗಳನ್ನು ಒಳಗೆ ಬಿಡಬಾರದು ಎಂದು ಸರ್ಕಾರದಲ್ಲಿ ತೀರ್ಮಾನವಾಗುವ ಹಂತಕ್ಕೆ ಬಂತು. ನೆರೆದೇಶ ಪ್ರತಿಭಟಿಸಿತು: ನಿಮ್ಮ ಸಚಿವೆಯೇ ಮಾತು ಕೊಟ್ಟಿದ್ದಾರೆ. ಸಚಿವೆ ಇನ್ನೂ ಅದೇ ಕುರ್ಚಿಯಲ್ಲಿದ್ದರು. ಸಾಹೇಬರನ್ನು ಕರೆಸಿದರು.

"ಬದ್ಧವಲ್ಲ ಅಂತ ಎರಡು ಸಾಲು ಬರೆದುಕೊಡಿ, ಸಾಕು. ಸಹಿ ಇಲ್ಲ, ಮುದ್ರೆ ಇಲ್ಲ. ಚಹಾ ಕುಡೀತಾ ಆಡಿದ ಮಾತು ಅದು."

"ಹೌದು ಮೇಡಂ, ಆದರೆ..."

"ಇನ್ನೊಂದು. ಅಲ್ಲಿ ನಮ್ಮವರು ಅಂತ ಇದ್ದದ್ದು ನೀವೊಬ್ಬರೇ. ಅಷ್ಟು ಗದ್ದಲದಲ್ಲಿ ನಿಮಗೂ ಸರಿಯಾಗಿ ಕೇಳಿಸಿರಲಿಕ್ಕಿಲ್ಲ."

ಅದು ಪ್ರಶ್ನೆಯೋ ಸೂಚನೆಯೋ ತಿಳಿಯದೆ ಸಾಹೇಬರು ಹಾಗೇ ಹೊರಗೆ ಬಂದರು. ಬಾಗಿಲಾಚೆ ಬಂದು ನಿಂತವರು ಎಷ್ಟು ಹೊತ್ತು ನಿಂತೇ ಇದ್ದರೆಂದರೆ, ಸಚಿವೆಯನ್ನು ಕಾಣಲು ಬಂದ ರಾಯಭಾರಿಯೊಬ್ಬರು ಅವರನ್ನು ಬಳಸಿಕೊಂಡು ಒಳಗೆ ಹೋಗಬೇಕಾಯಿತು.

ಆಮೇಲೆ ಶುರುವಾಯಿತು ಅವರ ಪಡಿಪಾಟಲು. ಒಪ್ಪಂದವಂತೂ ಇಲ್ಲ, ಅದು ನಿಶ್ಚಯ. ಆದರೆ ಹಿಂದೊಮ್ಮೆ ಇಂಥದೇ ಒಬ್ಬ ಸಚಿವರ ಬಾಯಿಮಾತು ಅವರ ದೇಶವನ್ನು ಕಟ್ಟಿಹಾಕಿತೆಂದು ದೇಶದೇಶಗಳ ವ್ಯಾಜ್ಯ ಕೇಳುವ ನ್ಯಾಯಾಲಯವೇ ಹೇಳಿದೆ. ಆದರೆ ಆ ತೀರ್ಪು ಬದ್ಧವಾಗುವುದು ಅಂದು ವಾದಿಸಿದ ಇಬ್ಬರಿಗೆ ಮಾತ್ರ. ಆದರೆ ಅದರೊಳಗಿನ ತತ್ತ್ವ? ಅದು ಎಲ್ಲರದೂ ಅಲ್ಲವೇ? ಸಚಿವೆಯ 'ಹೂಂ' ಮಾತು ಕೊಟ್ಟದ್ದೋ, ಬರಿಯ ಕೇಳಿಸಿಕೊಂಡೆನೆಂಬ ಸೂಚನೆಯೋ? ಅವರು ಫೋನಿನಲ್ಲಿ ಅಕ್ಕನೊಡನೆ ಮಾತಾಡುವಾಗಲೂ ಹೀಗೆಯೇ ಹೂಂಗುಟ್ಟುವುದನ್ನು ಸಾಹೇಬರು ಕೇಳಿದ್ದರು. ಎರಡೂ ಜೇಬುಗಳು ಉಬ್ಬಿ, ಕೋಟು ಹೇರು ಹೊತ್ತ ಕತ್ತೆಯಂತೆ ಕಾಣತೊಡಗಿತು.

ಇನ್ನುಳಿದದ್ದು ರೂಢಿ. ಅದನ್ನು ಪರೀಕ್ಷಿಸಲು ಅವರು ಸ್ವತಃ ಕೊಲ್ಲಿಗೆ ಹೋದರು. ಆಗ ಗಾಳಿ ಇರಲಿಲ್ಲ. ಬಲೆ ತುಂಬಿಕೊಂಡು ಹಿಂದಿರುಗುತ್ತಿದ್ದ ನೆರೆದೇಶದ ಕೆಲವು ದೋಣಿಗಳು ನೀರು ತುಂಬಿಸಿಕೊಳ್ಳಲು ನಿಂತಿದ್ದವು. ಇಲ್ಲಿಗೆ ಯಾಕೆ ಬರುತ್ತೀರೆಂದು ಸಾಹೇಬರು ಕೇಳಿದರು. ಒಬ್ಬ, "ನಮ್ಮ ಹಕ್ಕು ಸ್ವಾಮಿ" ಎಂದ. ಇನ್ನೊಬ್ಬ, "ಹಕ್ಕೇನು ಬಂತು, ನಿಮ್ಮವರ ದೊಡ್ಡತನ" ಎಂದ. ಮೂರನೆಯವನು ಇಬ್ಬರನ್ನೂ ಗದರಿ, "ಗಾಳಿ ಎದ್ದಾಗ ಇದನ್ನೆಲ್ಲ ಯಾರು ಯೋಚನೆ ಮಾಡ್ತಾರೆ?" ಎಂದ. ಮೂವರೂ ಅಲ್ಲೇ ಜಗಳಕ್ಕೆ ನಿಂತರು. ಹಕ್ಕೆಂದು ಬಂದರೆ ರೂಢಿ, ದಯೆಯೆಂದು ಬಂದರೆ ಬರಿಯ ಸೌಜನ್ಯ. ಯೋಚಿಸದೆ ಬಂದರೆ ಅದು ಏನೆಂದು ಗ್ರಂಥಗಳಲ್ಲಿರಲಿಲ್ಲ. ಹೋಗುವಾಗ ಇದ್ದ ಅಲ್ಪಸ್ವಲ್ಪ ತಿಳಿವಳಿಕೆಯನ್ನೂ ಕಳೆದುಕೊಂಡು ಸಾಹೇಬರು ಹಿಂದಿರುಗಿದರು.

ಆ ವಾರವೇ ನೆರೆದೇಶದ ಕಾನೂನು ಸಲಹೆಗಾರರು ಫೋನು ಮಾಡಿದರು. ಸಮ್ಮೇಳನಗಳಲ್ಲಿ ಎದುರುಬದುರು ಕೂತು ಕೂತು ಸ್ನೇಹಿತರಾದವರು.

"ಇದು ನನ್ನ ಸ್ವಂತ ಮಾತು, ನಮ್ಮ ಸರ್ಕಾರದ್ದಲ್ಲ" ಎಂದರು ಅವರು.

"ನಾನು ಕೇಳಿಸಿಕೊಳ್ತಿರೋದೂ ಸ್ವಂತಕ್ಕೇ" ಎಂದರು ಇವರು.

"ಖಂಡಿತ ಬದ್ಧ ಅಂತ ಬರೀಬೇಕಂತೆ ನಾನು. ನಿಮಗೆ ಏನನ್ನಿಸುತ್ತೆ?"

ಸಾಹೇಬರ ಬಾಯಿಯ ತುದಿಗೆ ಒಂದು 'ಹೂಂ' ಬಂದಿತ್ತು, ಗಾಬರಿಯಿಂದ ನುಂಗಿಕೊಂಡರು. "ನೆಗಡಿ ಆಗಿದೆ" ಎಂದರು. ಆ ಕಡೆಯವರು ಅರ್ಥ ಮಾಡಿಕೊಂಡರು. ಆಮೇಲೆ ಇಬ್ಬರೂ ಬಹಳ ಹೊತ್ತು ಮೊಣಕಾಲು ನೋವಿನ ಬಗ್ಗೆ ಮಾತಾಡಿ ಫೋನಿಟ್ಟರು.

ಅಂದು ಸಂಜೆ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಳು. "ನೀವು ಮದುವೆಗೆ ಒಪ್ಪಿದ್ದೂ ಹೂಂ ಅಂತಲೇ. ಅದಕ್ಕೇನು ಸಹಿ ಹಾಕಿದ್ರಾ?" ಎಂದಳು.

"ಅದು ಬೇರೆ."

"ಏನು ಬೇರೆ?"

"ನೀನು ನಂಬಿ ಬಂದುಬಿಟ್ಟೆಯಲ್ಲ."

ಹೇಳಿದ ಮೇಲೆ ತಾವು ಹೇಳಿದ್ದು ಸಾಹೇಬರಿಗೆ ಆಗಷ್ಟೇ ಕೇಳಿಸಿದಂತಾಯಿತು. ನೆರೆಯವರು ನಂಬಿ ಕಟ್ಟದೆ ಬಿಟ್ಟ ಆ ಅಲೆತಡೆ ಗೋಡೆ ನೆನಪಾಯಿತು. ಇದೇ ಉತ್ತರವೆಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಗೆ, ನಂಬಿದವರದೇ ಅವಸರವಾಗಿದ್ದರೆ ಎಂಬ ಶಂಕೆ ಹತ್ತಿತು. ಹೆಂಡತಿ ಅವರ ಮುಖ ನೋಡಿ, ನಿಟ್ಟುಸಿರು ಬಿಟ್ಟು, ಯಂತ್ರ ತುಳಿಯತೊಡಗಿದಳು.

ಕೊನೆಗೆ ಅವರು ಬರೆದುಕೊಟ್ಟದ್ದು ಒಂದೇ ಹಾಳೆ. ಸಚಿವೆಯಾಡಿದ ಮಾತು ದೇಶವನ್ನು ಬಂಧಿಸುತ್ತದೆಂದೇ ತಮ್ಮ ಒಲವು. ಯಾವ ಮೂಲದಿಂದ ಬಂಧಿಸುತ್ತದೆಂಬುದು ತಮಗೆ ಸ್ಪಷ್ಟವಿಲ್ಲ. ಬಂಧಿಸುವುದಿಲ್ಲ ಎನ್ನುವವರ ವಾದವನ್ನು ಪೂರ್ಣವಾಗಿ ಖಂಡಿಸಲು ತಮ್ಮಿಂದಾಗದು. ಸಲಹೆಗಾರನಾದವನು ಎಂದೂ ಬರೆಯಬಾರದ ಸಾಲುಗಳು. ಸಚಿವೆ ಓದಿ ಹಾಳೆಯನ್ನು ಮೇಜಿನ ಮೇಲಿಟ್ಟರು.

"ನಾನು ಕೇಳಿದ್ದು ಎರಡು ಸಾಲು. ನಿಮಗೇ ಗೊಂದಲ ಇರುವಾಗ ನನ್ನ ಕೈ ಯಾಕೆ ಕಟ್ಟಿಹಾಕ್ತೀರಿ? ಕೇಳಿಸಲಿಲ್ಲ ಅಂತಲಾದರೂ ಬರೀಬಹುದಿತ್ತು."

"ಕೇಳಿಸಿತು ಮೇಡಂ" ಎಂದರು ಸಾಹೇಬರು. ಮೂಗಿನ ತುದಿ ಉಜ್ಜಿಕೊಂಡರು. "ಅದು ಕಟ್ಟುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನೀವು ಅಂದದ್ದು ಕೇಳಿಸಿತು. ಅದೊಂದರಲ್ಲಿ ನನಗೆ ಗೊಂದಲ ಇಲ್ಲ."

ಸಚಿವೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಆಗ ನನ್ನ ಮನಸ್ಸಲ್ಲಿ ಏನಿತ್ತು ಅಂತ ನನಗೇ ನೆನಪಿಲ್ಲ ಕಣ್ರೀ" ಎಂದರು, ಅರ್ಧ ತಮಗೇ ಹೇಳಿಕೊಂಡಂತೆ. ಆಮೇಲೆ ಕೈಸನ್ನೆಯಿಂದಲೇ ಹೋಗಲು ಹೇಳಿದರು.

ತಿಂಗಳು ತುಂಬುವುದರೊಳಗೆ ಅವರಿಗೆ ನೆಲಮಾಳಿಗೆಗೆ ವರ್ಗವಾಯಿತು. ಹಳೆಯ ಒಪ್ಪಂದಗಳ ಮೂಲಪ್ರತಿಗಳನ್ನು ಇಟ್ಟಿದ್ದ, ಕಿಟಕಿಯಿಲ್ಲದ ಕೋಣೆ. ಅವರ ಜಾಗಕ್ಕೆ ಬಂದ ಚುರುಕಿನ ಸಲಹೆಗಾರ್ತಿ ಕೇಳಿದ ಎರಡು ಸಾಲನ್ನು ಕೇಳಿದ ದಿನವೇ ಬರೆದುಕೊಟ್ಟಳು. ಎಲ್ಲ ಮುಗಿಯಿತೆಂದು ಇಲಾಖೆ ತಿಳಿಯಿತು. ಅಷ್ಟರಲ್ಲಿ ಗಾಳಿಯ ತಿಂಗಳು ಬಂತು. ದೋಣಿಗಳು ಎಂದಿನಂತೆ ಕೊಲ್ಲಿಯ ಬಾಯಿಗೆ ಬಂದವು. ಒಳಗೆ ಬಿಡಬೇಕೋ ಬೇಡವೋ ಎಂದು ಬಂದರಿನ ಅಧಿಕಾರಿ ರಾಜಧಾನಿಯನ್ನು ಕೇಳಿದ. ಸಚಿವೆಯ ಮೇಜಿನ ಮೇಲೆ ಎರಡೂ ಅಭಿಪ್ರಾಯಗಳಿದ್ದವು. ಅವರು ಯಾವುದಕ್ಕೂ ಸಹಿ ಹಾಕಲಿಲ್ಲ, ಆಜ್ಞೆ ಕಳಿಸಲೂ ಇಲ್ಲ. ಅಧಿಕಾರಿ ಕಾದು ನೋಡಿ, ಅಲೆ ಏರುತ್ತಿದ್ದುದನ್ನು ಕಂಡು, ದೋಣಿಗಳನ್ನು ಒಳಗೆ ಬಿಟ್ಟ. ಮರುವರ್ಷವೂ ಹಾಗೆಯೇ ಆಯಿತು. ಹಡಗುಕಟ್ಟೆಯ ಕಾಮಗಾರಿ ಕೊಲ್ಲಿಯ ಇನ್ನೊಂದು ಬದಿಗೆ, ಯಾರೂ ಕಾರಣ ಹೇಳದೆ, ಸರಿದುಹೋಯಿತು.

ನೆಲಮಾಳಿಗೆಗೆ ಈ ಸುದ್ದಿ ತಂದವರು, ಸಾಹೇಬರು ಗೆದ್ದೆನೆಂದು ಹಿಗ್ಗುವರೆಂದು ನಿರೀಕ್ಷಿಸಿದ್ದರು. ಅವರೋ ಇನ್ನಷ್ಟು ಕಂಗೆಟ್ಟರು. ಸಚಿವೆ ಸುಮ್ಮನಿದ್ದದ್ದು ಮಾತಿಗೆ ಕಟ್ಟುಬಿದ್ದೋ, ಮರುಕದಿಂದಲೋ, ಬರಿಯ ಕಾಲಹರಣವೋ? ಈಗ ಈ ಮೌನವೂ ರೂಢಿಗೆ ಒಂದು ಪುರಾವೆಯಾಯಿತೇ? ನಿವೃತ್ತರಾಗುವವರೆಗೂ ಅವರು ಇದನ್ನೇ ಆಲೋಚಿಸಿದರು. ಒಂದು ತೀರ್ಮಾನಕ್ಕೆ ಬಂದರೆಂದು ಯಾರೂ ಕೇಳಿಲ್ಲ.

ಪ್ರತಿ ಕಚೇರಿಯಲ್ಲೂ ಇಂಥವರು ಒಬ್ಬಿಬ್ಬರಿರುತ್ತಾರೆ. ಮೇಲಕ್ಕೇರುವ ಮೆಟ್ಟಿಲುಗಳಲ್ಲಿ ಅವರು ಕಾಣಸಿಗುವುದಿಲ್ಲ. ಸಭೆಗಳಲ್ಲಿ ಅವರ ಸರದಿ ಬಂದಾಗ ಉಳಿದವರು ಗಡಿಯಾರ ನೋಡುತ್ತಾರೆ. ನಿಸ್ಸಂದೇಹಿಗಳು ಲೋಕವನ್ನು ಮುಂದಕ್ಕೆ ಒಯ್ಯುತ್ತಾರೆ ಎಂಬುದೇನೋ ನಿಜವಿರಬಹುದು. ಆದರೆ ಎಲ್ಲವೂ ಸ್ಪಷ್ಟವಾಗಿರುವವನಿಗೆ ತನ್ನ ಅನೇಕ ನಿಶ್ಚಯಗಳಲ್ಲಿ ಒಂದನ್ನು ಅಗತ್ಯಬಿದ್ದಾಗ ಬಿಟ್ಟುಕೊಡುವುದು ಅಷ್ಟೇನೂ ಭಾರವಲ್ಲ. ಬದುಕಿಡೀ ಮಂಜಿನಲ್ಲಿ ತಡವರಿಸಿದವನಿಗೆ ಖಚಿತವಾಗಿ ಗೊತ್ತಿರುವುದು ಒಂದೋ ಎರಡೋ ಸಂಗತಿ. ಅವನ್ನೂ ಕೈಬಿಟ್ಟರೆ ನಿಲ್ಲಲು ನೆಲವೇ ಇರುವುದಿಲ್ಲ. ಅದರಿಂದಲೇ ಏನೋ, ಹೆದರುತ್ತಾ, ತೊದಲುತ್ತಾ, ಅಂಥವರು ಅವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತಾರೆ.