ಹೇಮಾವತಿಯ ಹದಿನೇಳನೆಯ ದೋಷ

ಕೃತಿಯ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿ ಚಿತ್ರಾ ಇನ್ನೇನು ಹೆಣೆಯಬೇಕು, ಅಷ್ಟರಲ್ಲಿ ಹಿತ್ತಲಿನಿಂದ ಅಪ್ಪನ ಗಂಟಲು ಕೇಳಿಸಿತು. ಇಪ್ಪತ್ತು ವರ್ಷ ಯುದ್ಧನೌಕೆಯ ಬಾಯ್ಲರ್ ಕೋಣೆಯಲ್ಲಿ ಯಂತ್ರದ ಸದ್ದನ್ನು ಮೀರಿ ಕೂಗಿ ಕೂಗಿ ಬಲಿತ ಗಂಟಲು ಅದು. ಕೋವ್ ಎಂಬ ಆ ಪರದೇಶದ ಬಂದರೂರಿನ ಏರುದಾರಿಯ ಸಾಲುಮನೆಗಳಲ್ಲಿ ಬೆಳಗಿನ ಎಂಟು ಗಂಟೆಗೆ ಅಷ್ಟು ಜೋರಾಗಿ ಕಿರುಚುವುದು ಕಡಲಹಕ್ಕಿಗಳು ಮಾತ್ರ.

"ಅಲ್ಲಾಡಬೇಡ, ಬಂದೆ," ಎಂದು ಬಾಚಣಿಗೆಯನ್ನು ಮಗಳ ಕೈಗೆ ಕೊಟ್ಟು ಚಿತ್ರಾ ಹಿಂಬಾಗಿಲು ತೆರೆದಳು.

ಅಡ್ಡಗೋಡೆಯ ಈಚೆ ಅಪ್ಪ ಶಿವಣ್ಣ, ಕಿವಿಯವರೆಗೆ ಮಫ್ಲರ್ ಬಿಗಿದುಕೊಂಡು. ಆಚೆ ಪಕ್ಕದ ಮನೆಯ ಫಿನ್‌ಬಾರ್ ಟೂಮಿ, ಎಪ್ಪತ್ತನಾಲ್ಕರ ಒಂಟಿ ಮುದುಕ. ಕಸದ ಡಬ್ಬಿ ತಳ್ಳಿಕೊಂಡು ಬಂದವನು ಅದರ ಹಿಡಿಕೆಯನ್ನು ಇನ್ನೂ ಬಿಟ್ಟಿರಲಿಲ್ಲ. ಇಬ್ಬರ ಮುಖಗಳ ನಡುವೆ ಒಂದು ಮೊಳ ಜಾಗವೂ ಇರಲಿಲ್ಲ. ಜಗಳ ಇಂಗ್ಲಿಷಿನಲ್ಲಿ ನಡೆದಿತ್ತು.

"ಬಿರುಕನ್ನು ಬಣ್ಣ ಬಳಿದು ಮುಚ್ಚಿದರು ಅಂತ ಮಗುವಿನ ಕೈಲಿ ಬರೆಸಿದ್ದೀಯಲ್ಲ, ಯಾರು ಬಳಿದದ್ದು? ಹೆಸರು ಹೇಳು," ಎನ್ನುತ್ತಿದ್ದ ಟೂಮಿ.

"ನಿಮ್ಮವರೇ! ಹಳೇ ಹಡಗಿಗೆ ಮೇಲೆ ಬಣ್ಣ ಹೊಡೆದು ನಮ್ಮ ತಲೆಗೆ ಕಟ್ಟಿದರಲ್ಲ, ಅವರೇ!"

"ನಿಮ್ಮವರು ಅನ್ನಬೇಡ. ನಾನು ಅನ್ನು. ಆ ಹಡಗನ್ನು ನಿಮಗೆ ಮಾರುವ ಮುಂಚಿನ ಎರಡು ವರ್ಷ ಅದರ ಬಾಯ್ಲರ್ ಕೋಣೆಯಲ್ಲಿದ್ದವನು ನಾನು."

ಶಿವಣ್ಣ ಮಗಳ ಕಡೆ ತಿರುಗಿ ಕನ್ನಡದಲ್ಲಿ, "ನೋಡಮ್ಮ ಚಿತ್ರಾ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಾ ಇದ್ದಾನೆ," ಎಂದು ನಕ್ಕರು. ಆದರೆ ಗೋಡೆಯ ಮೇಲಿದ್ದ ಅವರ ಕೈಬೆರಳುಗಳು ಬೆಳ್ಳಗಾಗಿದ್ದವು.

ಜಗಳಕ್ಕೆ ಬೀಜ ಬಿತ್ತಿದ್ದು ಶಾಲೆ. ಮನೆಯ ಹಿರಿಯರು ಮಾಡಿದ ಕೆಲಸದ ಬಗ್ಗೆ ಒಂದು ದೊಡ್ಡ ಹಾಳೆ ತುಂಬ ಬರೆದು ತನ್ನಿ ಎಂದು ಮಕ್ಕಳಿಗೆ ಹೇಳಿದ್ದರು. ಮೈಸೂರಿನಿಂದ ತಾತ ಬಂದು ಎರಡು ತಿಂಗಳಾಗಿತ್ತು. ಹತ್ತು ವರ್ಷದ ಕೃತಿ ತಾತನ ಬದಲು ತಾತನ ಹಡಗಿನ ಜೀವನಚರಿತ್ರೆಯನ್ನೇ ಬರೆಯುತ್ತೇನೆ ಎಂದಳು. ಶಿವಣ್ಣನವರಿಗೆ ಅದಕ್ಕಿಂತ ಹಿಗ್ಗು ಇನ್ನೇನು ಬೇಕು? ಸಂಜೆ ಸಂಜೆ ಸೋಫಾದಲ್ಲಿ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿ ಬರೆಸಿದರು. ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಫ್ರಿಗೇಟ್ ಜಾತಿಯ ಯುದ್ಧನೌಕೆ. ಇಟ್ಟ ಹೆಸರು ಟ್ರೆವೋಸ್. ಇಪ್ಪತ್ತನಾಲ್ಕು ವರ್ಷ ಬ್ರಿಟಿಷರ ಚಾಕರಿ. ಎಂಬತ್ತಾರರಲ್ಲಿ ಭಾರತಕ್ಕೆ ಮಾರಾಟವಾಗಿ ಪೋರ್ಟ್ಸ್‌ಮತ್ ಬಂದರಿನಲ್ಲಿ ಕೈಬದಲು. ಆವತ್ತಿನಿಂದ ಹೆಸರು ಹೇಮಾವತಿ. ಆಮೇಲೆ ಹದಿನೇಳು ವರ್ಷ ಅರಬ್ಬೀ ಸಮುದ್ರದ ಕಾವಲು. ಕಡೆಗೆ ಗುಜರಾತಿನ ತೀರದಲ್ಲಿ ಒಡೆದು ಹಳೇ ಕಬ್ಬಿಣ.

ನಡುವೆ ಒಂದು ಸಾಲು ಇತ್ತು. ಹಡಗು ಕೊಂಡ ಹದಿನಾಲ್ಕನೆಯ ತಿಂಗಳು, ಕೊಚ್ಚಿಯ ಹೊರಗೆ, ಎಡಗಡೆಯ ಬಾಯ್ಲರಿನ ದೊಡ್ಡ ವಾಲ್ವಿನ ಮುಚ್ಚಳ ಹಾರಿಹೋಯಿತು. ಹಬೆಗೆ ಸಿಕ್ಕಿ ತಾತನ ಗೆಳೆಯ ನಂಜುಂಡಪ್ಪ ತೀರಿಕೊಂಡರು. 'ಮಾರಿದವರು ಬಿರುಕನ್ನು ಬಣ್ಣ ಬಳಿದು ಮುಚ್ಚಿದ್ದರು. ತಾತನ ಗೆಳೆಯನನ್ನು ಕೊಂದವರು ಅವರೇ,' ಎಂದು ಕೃತಿ ಕೆಂಪು ಪೆನ್ನಿನಲ್ಲಿ ಬರೆದಿದ್ದಳು. ಎಲ್ಲ ಮಕ್ಕಳ ಹಾಳೆಗಳನ್ನೂ ಊರಿನ ಗ್ರಂಥಾಲಯದ ಗೋಡೆಗೆ ಹಚ್ಚಿದರು. ಟೂಮಿ ದಿನಾ ಪತ್ರಿಕೆ ಓದಲು ಹೋಗುವ ಜಾಗ ಅದು. ಇವತ್ತು ಮಧ್ಯಾಹ್ನ ಮೂರಕ್ಕೆ ಅಲ್ಲೇ ಮಕ್ಕಳು ತಮ್ಮ ಹಾಳೆಯನ್ನು ಗಟ್ಟಿಯಾಗಿ ಓದಬೇಕು. ಮುಂದಿನ ಸಾಲಿನಲ್ಲಿ ಹಿರಿಯರು ಕೂರಬೇಕು.

"ಸುಳ್ಳು ಕೇಳಿಕೊಂಡು ಕೂರುವವನಲ್ಲ ನಾನು," ಎಂದ ಟೂಮಿ.

"ಕೂತ್ಕೋ ಅಂತ ನಿನ್ನ ಕರೆದವರಾದರೂ ಯಾರು? ನಿನ್ನೂರಿನವರೇ ನಿನ್ನ ಮಾತಾಡಿಸಲ್ಲ. ನಾನೇ ನೋಡಿದ್ದೀನಲ್ಲ."

ಆ ಮಾತು ನಾಟಬೇಕಾದ ಕಡೆಯೇ ನಾಟಿತು. ಟೂಮಿಯ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಕಸದ ಡಬ್ಬಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದ. ಗೆದ್ದವರಂತೆ ಶಿವಣ್ಣನವರೂ ಒಳಗೆ ಹೋಗಿ ಬಾಗಿಲು ಬಡಿದುಕೊಂಡರು. ಚಿತ್ರಾಳಿಗೆ ಹಿಂದೆಯೇ ಹೋಗಲು ಮನಸ್ಸಾಗಲಿಲ್ಲ. ಅಪ್ಪನ ಪರವಾಗಿ ಕ್ಷಮೆ ಕೇಳಬೇಕೆಂದು ಚಳಿಯಲ್ಲೇ ನಿಂತಳು.

ಟೂಮಿ ಮತ್ತೆ ಬಂದಾಗ ಕೈಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗಿನ ಒಂದು ಹಾಳೆ ಇತ್ತು.

"ಮಿಸ್ಟರ್ ಟೂಮಿ, ಅಪ್ಪ ಹಾಗೆ ಅನ್ನಬಾರದಿತ್ತು..."

"ನಿನ್ನ ಅಪ್ಪ ಹೇಳಿದ್ದು ನಿಜ. ಬ್ರಿಟಿಷರ ಜೊತೆ ಹೋರಾಡಿ ಬಿಡಿಸಿಕೊಂಡ ದೇಶ ಇದು. ಅವರ ಸಮವಸ್ತ್ರ ತೊಟ್ಟವನು ಅಂತ ಈ ಊರಲ್ಲಿ ಕೆಲವರು ಇವತ್ತಿಗೂ ನನ್ನ ಪಕ್ಕ ಕೂರುವುದಿಲ್ಲ. ಅದನ್ನು ನುಂಗಿಕೊಂಡಿದ್ದೇನೆ. ಕೊಲೆಗಾರ ಅನ್ನಿಸಿಕೊಳ್ಳುವುದನ್ನು ಮಾತ್ರ ನುಂಗುವುದಿಲ್ಲ." ಹಾಳೆಯನ್ನು ಗೋಡೆಯ ಮೇಲಿಂದ ಚಾಚಿದ. "ಹಡಗು ಕೊಡುವ ದಿನ ನಾವು ದೋಷಗಳ ಪಟ್ಟಿ ಕೊಡುತ್ತೇವೆ. ತೆಗೆದುಕೊಳ್ಳುವವರು ಒಂದೊಂದನ್ನೂ ನೋಡಿ ಎದುರಿಗೆ ಸಹಿ ಹಾಕಬೇಕು. ಇದು ನನ್ನ ಪ್ರತಿ, ಇನ್ನೊಂದು ಒಳಗಿದೆ. ಹದಿನೇಳನೆಯದನ್ನು ಓದು. ಮೂರು ಗಂಟೆಗೆ ನಿನ್ನ ಅಪ್ಪ ಇದನ್ನು ಓದದಿದ್ದರೆ ನಾನು ಓದುತ್ತೇನೆ."

ಚಿತ್ರಾ ಅಲ್ಲೇ ನಿಂತು ಓದಿದಳು. ಅಚ್ಚುಕಟ್ಟಾದ ಇಂಗ್ಲಿಷ್ ಕೈಬರಹ. 'ಎಡ ಬಾಯ್ಲರ್, ಮುಖ್ಯ ಹಬೆ ವಾಲ್ವ್. ಮುಚ್ಚಳದ ಎರಡು ಬೋಲ್ಟ್ ಜಗ್ಗಿ ಸಡಿಲವಾಗಿವೆ. ಬಿಚ್ಚಿ ನೋಡಿ, ಹಬೆ ಏರಿಸುವ ಮುನ್ನ ಬದಲಿಸಬೇಕು. ಹೊಸ ಬೋಲ್ಟ್‌ಗಳನ್ನು ಡಬ್ಬಿಯಲ್ಲಿ ಹಾಕಿ ವಾಲ್ವಿಗೇ ಕಟ್ಟಿದೆ. ಎಫ್. ಟೂಮಿ.' ಅದರ ಎದುರಿಗೆ, 'ನೋಡಿದೆ, ಒಪ್ಪಿದೆ. ಶುಕ್ರವಾರ, 10:10.' ಕೆಳಗೆ ಆ ಇಡೀ ಹಾಳೆಯಲ್ಲಿ ಕನ್ನಡದ್ದು ಎನ್ನುವ ಒಂದೇ ಒಂದು ಪದ: ಶಿವಣ್ಣ. ಕೊನೆಯ ಒತ್ತಕ್ಷರವನ್ನು ಬಾಲದಂತೆ ಎಳೆದ ಸಹಿ. ಒಂದನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ ತನ್ನ ಅಂಕಪಟ್ಟಿಗಳ ಮೇಲೆ ಅವಳು ಕಂಡ ಸಹಿ.

ಶುಕ್ರವಾರ ಎಂಬ ಮಾತು ಅವಳ ಎದೆಗೆ ಬಂದು ಕೂತಿತು. ಆ ಶುಕ್ರವಾರದ ಕತೆ ಅವಳಿಗೆ ಬಾಯಿಪಾಠ. ನೆಂಟರು ಬಂದಾಗಲೆಲ್ಲ ಅಪ್ಪ ಹೇಳುತ್ತಿದ್ದರು: ಕೊಂಡ ಹಡಗಿನ ಮೇಲೆ ನಮ್ಮ ಬಾವುಟ ಏರಿಸುವುದು ಹನ್ನೊಂದೂ ಮುಕ್ಕಾಲಿಗೆ ಎಂದಿತ್ತಂತೆ. ಶುಕ್ರವಾರ ಹತ್ತೂವರೆಗೆ ರಾಹುಕಾಲ. ಊರಿಂದ ಟ್ರಂಕಿನಲ್ಲಿ ಪಂಚಾಂಗ ಒಯ್ದಿದ್ದವರು ಶಿವಣ್ಣ ಒಬ್ಬರೇ. ನೇರ ಕಮಾಂಡರ್ ಹತ್ತಿರ ಹೋಗಿ, 'ಸರ್, ಹತ್ತೂವರೆಯೊಳಗೆ ಆಗಿಬಿಡಲಿ' ಎಂದರಂತೆ. 'ಬಾಯ್ಲರ್ ಕೋಣೆ ತಯಾರಿದೆಯಾ?' ಎಂದು ಅವರು ಕೇಳಿದರಂತೆ. 'ತಯಾರು, ಸರ್!' ಹತ್ತೂ ಇಪ್ಪತ್ತಕ್ಕೆ ತೆಂಗಿನಕಾಯಿ ಒಡೆದು, ಬಾವುಟ ಏರಿತು. ಕತೆ ಇಲ್ಲಿಗೆ ಬಂದಾಗ ನೆಂಟರು ಚಪ್ಪಾಳೆ ತಟ್ಟುತ್ತಿದ್ದರು. ಮೈಸೂರಿನ ರಾಹುಕಾಲ ಪೋರ್ಟ್ಸ್‌ಮತ್‌ಗೆ ಹೊಂದುತ್ತದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಶಿವಣ್ಣ ಕಾಫಿ ಲೋಟ ಹಿಡಿದು ಕಿಟಕಿಯತ್ತ ಮುಖ ಮಾಡಿ ಕೂತಿದ್ದರು. ಚಿತ್ರಾಳ ಗಂಡ ಸತ್ಯಪ್ರಕಾಶ್ ಪಕ್ಕದ ನಗರದ ಹಾಲಿಹಿಲ್‌ನ ಕೆಲಸಕ್ಕೆ ಆರೂವರೆಯ ಟ್ರೇನ್ ಹಿಡಿದಾಗಿತ್ತು. ಮಧ್ಯೆ ಬಂದು ಮಾತು ಬದಲಿಸುವವರು ಯಾರೂ ಇರಲಿಲ್ಲ. ಚಿತ್ರಾ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಅಪ್ಪಾಜಿ, ಇದು ನಿಮ್ಮ ಸಹಿ ಅಲ್ವಾ?"

ಅವರು ನೋಡಲಿಲ್ಲ. "ಕಸ ಎಸೆಯೋಕೆ ಬಂದೋನು ಕೊಟ್ಟಿದ್ದನ್ನ ತಿಂಡಿ ತಿನ್ನೋ ಮೇಜಿನ ಮೇಲೆ ತಂದಿಡ್ತೀಯಲ್ಲ!"

"ಒಂದ್ಸಲ ನೋಡಿ."

"ನೋಡೋದೇನು? ಅವನ ಮಾತು ಕಟ್ಕೊಂಡು ಹೆತ್ತಪ್ಪನ್ನ ಕಟಕಟೇಲಿ ನಿಲ್ಲಿಸ್ತಾ ಇದ್ದೀಯಾ?"

"ಇಲ್ಲ ಅಪ್ಪಾಜಿ." ದನಿ ಏರದಂತೆ ಅವಳು ಒಲೆಯ ಕಟ್ಟೆಯನ್ನು ಒರೆಸತೊಡಗಿದಳು. ಒರೆಸುತ್ತಲೇ ಕೇಳಿದಳು, "ಒಂದು ಹಬೆ ವಾಲ್ವ್ ಬಿಚ್ಚಿ ನೋಡೋಕೆ ಎಷ್ಟು ಹೊತ್ತು ಬೇಕು?"

"ಎರಡು ಗಂಟೆ. ಇಬ್ಬರು ಇದ್ರೆ," ಎಂದಿತು ಶಿವಣ್ಣನವರ ನಾಲಿಗೆ. ಇಪ್ಪತ್ತು ವರ್ಷದ ಕಸುಬು ಆಡಿಸಿದ ಮಾತು. ಆಡಿದ ಮೇಲೆ ಅವರ ಲೋಟ ತುಟಿಯ ಹತ್ತಿರವೇ ನಿಂತಿತು.

"ಪಟ್ಟಿ ನಿಮ್ಮ ಕೈಗೆ ಬಂದಿದ್ದು ಒಂಬತ್ತೂವರೆಗೆ ಅಂತ ಮೇಲೆ ಬರೆದಿದೆ. ಸಹಿ ಹತ್ತೂ ಹತ್ತಕ್ಕೆ."

ಲೋಟ ಮೇಜಿಗೆ ಅಪ್ಪಳಿಸಿತು. ಕಾಫಿ ಚೆಲ್ಲಿ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಹರಿಯಿತು. "ಟಿಕೆಟ್ ಬುಕ್ ಮಾಡು! ಇವತ್ತೇ ಮಾಡು! ಮಗಳ ಮನೆ ಅಂತ ಬಂದ್ರೆ ವಿಚಾರಣೆ ಮಾಡ್ತಾಳೆ. ನಂಜುಂಡನ್ನ ಮೇಲಕ್ಕೆ ಹೊತ್ಕೊಂಡು ಬಂದಿದ್ದು ನಾನು, ತಿಳೀತಾ? ಅವನ ಚರ್ಮ ನನ್ನ ಅಂಗೈಗೆ ಅಂಟ್ಕೊಂಡಿತ್ತು! ನೀನು ನನಗೆ ಟೈಮ್ ಲೆಕ್ಕ ಹೇಳ್ತೀಯಾ?"

ಚಿತ್ರಾಳ ಕೈ ಒರೆಸುವುದನ್ನು ನಿಲ್ಲಿಸಿತು. ನಂಜುಂಡಪ್ಪನವರ ಹೆಂಡತಿ ಚಂದ್ರಾವತಿಯ ಮನೆಗೆ ಅಪ್ಪ ಪ್ರತಿ ವರ್ಷ ಹೋಗುತ್ತಿದ್ದರು. ಪ್ರತಿ ವರ್ಷವೂ ಅದೇ ಮಾತು: 'ಮಾರಿದವರು ಮೋಸ ಮಾಡಿದರಮ್ಮ.' ಆ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು ಅವರಿಗೆ ಊಟ ಬಡಿಸುತ್ತಿದ್ದಳು. ಚಿಕ್ಕಂದಿನಲ್ಲಿ ಚಿತ್ರಾಳೂ ಆ ಊಟ ಉಂಡಿದ್ದಳು. ಆಕೆಗೂ ಸುಳ್ಳು ಹೇಳಿದಿರಾ ಎಂದು ಕೇಳಲು ತಿರುಗಿದಳು. ಅಷ್ಟರಲ್ಲಿ ಬಾಗಿಲ ಬಳಿ ಮಗಳನ್ನು ಕಂಡಳು.

ಒಂದು ಕಡೆ ಜಡೆ, ಒಂದು ಕಡೆ ಬಿಚ್ಚುಗೂದಲು. ಕೃತಿ ಬಂದು ಹಾಳೆಯನ್ನು ಎತ್ತಿ ಕಾಫಿಯನ್ನು ತೋಳಿನಿಂದ ಒರೆಸಿದಳು. ಶನಿವಾರದ ಕನ್ನಡ ತರಗತಿಯಲ್ಲಿ ಕಲಿತಂತೆ ಬೆರಳಿಟ್ಟು ಓದಿದಳು. "ಶಿ... ವ... ಣ್ಣ." ತಾತನ ಮುಖ ನೋಡಿದಳು. ಬಾಯಿ ತೆರೆದಳು.

"ಬಾಯ್ಮುಚ್ಚು!" ಎಂದರು ಶಿವಣ್ಣ. "ದೊಡ್ಡವರ ಮಧ್ಯೆ ಬರಬೇಡ."

ಎರಡು ತಿಂಗಳಲ್ಲಿ ಅವರು ಆ ಮಗುವನ್ನು ಗದರಿದ್ದು ಅದೇ ಮೊದಲು. ಚಿತ್ರಾ ಅವಳನ್ನು ಹತ್ತಿರ ಎಳೆದುಕೊಂಡು ಉಳಿದ ಕೂದಲನ್ನು ಹೆಣೆದಳು. ಹೆಣೆಯುತ್ತ ಮೆಲ್ಲಗೆ, "ಪುಟ್ಟಿ, ಮಧ್ಯಾಹ್ನ ಆ ಕೆಂಪು ಸಾಲು ಒಂದು ಬಿಟ್ಟುಬಿಡು. ಬೇರೆಲ್ಲ ಓದು," ಎಂದಳು.

"ಒಂದಕ್ಷರ ಬಿಟ್ಟರೂ ನಾನು ಅಲ್ಲಿಂದ ಎದ್ದು ನಡೀತೀನಿ," ಎಂದರು ಕಿಟಕಿಯತ್ತ ತಿರುಗಿದ್ದ ಶಿವಣ್ಣ. "ನಾನು ಹೇಳಿದ ಹಾಗೇ ಓದಬೇಕು. ಆ ಮುದುಕನ ಎದುರಿಗೇ ಓದಬೇಕು."

ಶಾಲೆಗೆ ಹೋಗುವ ಏರುದಾರಿಯಲ್ಲಿ ಮಳೆ ಹನಿಯತೊಡಗಿತು. ಕೆಳಗೆ ಬಂದರಿನಲ್ಲಿ ನೌಕಾನೆಲೆಯ ಬೂದು ಹಡಗೊಂದು ಅಲ್ಲಾಡದೆ ನಿಂತಿತ್ತು. ಅರ್ಧ ದಾರಿಯಲ್ಲಿ ಚಿತ್ರಾ ಮಗಳ ಕಡೆ ಬಗ್ಗಿದಳು.

"ಆರಾಮಾ ಕಂದ?"

"ಐಮ್ ಗ್ರ್ಯಾಂಡ್," ಎಂದಳು ಕೃತಿ, ಏನೇ ಆದರೂ ಚೆನ್ನಾಗಿದ್ದೇನೆ ಎನ್ನುವ ಆ ಊರಿನ ಎಲ್ಲರಂತೆ. ಸ್ವಲ್ಪ ದೂರ ಹೋಗಿ ಇಂಗ್ಲಿಷಿನಲ್ಲೇ ಕೇಳಿದಳು, "ಅಮ್ಮ, ನಾನು ಯಾವುದನ್ನು ಓದಲಿ?"

"ನಿನಗೆ ನಿಜ ಅಂತ ಗೊತ್ತಿರೋದನ್ನ ಓದು."

"ಅದೇ ಗೊತ್ತಿಲ್ಲವಲ್ಲ," ಎಂದು ಮಗಳು ರೇಗಿ ಕೈ ಬಿಡಿಸಿಕೊಂಡು ಗೇಟಿನೊಳಗೆ ಓಡಿದಳು.

ಮೂರು ಗಂಟೆಗೆ ಗ್ರಂಥಾಲಯ ತುಂಬಿತ್ತು. ಒದ್ದೆ ಕೋಟುಗಳ ವಾಸನೆ, ಬಿಸ್ಕತ್ತಿನ ತಟ್ಟೆಗಳು. ಶಿವಣ್ಣ ನೀಲಿ ಕೋಟಿನ ಮೇಲೆ ಪದಕಗಳನ್ನು ಚುಚ್ಚಿಕೊಂಡು ಮುಂದಿನ ಸಾಲಿನ ನಟ್ಟನಡುವೆ ಕೂತಿದ್ದರು. ಮಗಳು ಪಕ್ಕದಲ್ಲಿ ಕೂರಲು ಬಂದಾಗ ಆ ಕುರ್ಚಿಯ ಮೇಲೆ ಛತ್ರಿ ಇಟ್ಟರು. ಚಿತ್ರಾ ಹಿಂದಿನ ಸಾಲಿಗೆ ಹೋದಳು. ಟೂಮಿ ಎಲ್ಲರಿಗಿಂತ ಹಿಂದೆ, ಗೋಡೆಗೆ ಬೆನ್ನು ಕೊಟ್ಟು, ಟೋಪಿ ತೆಗೆಯದೆ ನಿಂತಿದ್ದ. ಅವನ ಅಕ್ಕಪಕ್ಕದಲ್ಲಿ ಯಾರೂ ಇರಲಿಲ್ಲ. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಒಂದು ಮಗು ಅಜ್ಜನ ದೋಣಿಯ ಬಗ್ಗೆ, ಇನ್ನೊಂದು ಅಜ್ಜಿಯ ಬೇಕರಿಯ ಬಗ್ಗೆ ಓದಿದವು. ಚಪ್ಪಾಳೆಯಾಯಿತು. ಕೃತಿಯ ಹೆಸರು ಕರೆದರು.

ಅವಳು ಗೋಡೆಯಲ್ಲಿದ್ದ ತನ್ನ ಹಾಳೆಯ ಪಕ್ಕ ನಿಂತು ಸ್ಪಷ್ಟವಾಗಿ ಓದಿದಳು. ಹಡಗು ಹುಟ್ಟಿತು. ಚಾಕರಿ ಮಾಡಿತು. ಹೆಸರು ಬದಲಾಯಿತು. ಶಿವಣ್ಣ ಒಂದೊಂದು ಇಸವಿಗೂ ತಲೆ ಆಡಿಸುತ್ತಿದ್ದರು. ಕೊಚ್ಚಿ ಬಂತು. ಹಬೆ ಬಂತು. ನಂಜುಂಡಪ್ಪನ ಹೆಸರನ್ನು ಅವಳು ಎಡವದೆ ಹೇಳಿದಳು. ಹಿಂದೆ ಟೂಮಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

ಕೆಂಪು ಸಾಲಿಗೆ ಬಂದಾಗ ಕೃತಿ ನಿಂತಳು.

"ಓದು," ಎಂದರು ಶಿವಣ್ಣ, ಹಲ್ಲು ಕಚ್ಚಿ.

ಟೀಚರ್ ನಗುತ್ತ ಮುಂದುವರಿಸು ಎಂದು ಸನ್ನೆ ಮಾಡಿದರು. ಯಾರೋ ಕೆಮ್ಮಿದರು. ಚಿತ್ರಾ ಏಳಬೇಕೆಂದುಕೊಂಡಳು. ಮಗಳನ್ನು ಅಲ್ಲಿಂದ ಎತ್ತಿಕೊಂಡು ಹೊರಗೆ ಹೋಗಿಬಿಡಬೇಕೆಂದುಕೊಂಡಳು. ಆದರೆ ಮಗು ಅವಳ ಕಡೆ ನೋಡುತ್ತಿರಲಿಲ್ಲ. ಬೆಳಿಗ್ಗೆ ಅಡುಗೆಮನೆಯಲ್ಲಿ ನೋಡಿದ ಹಾಗೆಯೇ ತಾತನನ್ನು ನೋಡುತ್ತಿತ್ತು.

"ಓದು ಅಂದ್ನಲ್ಲ!"

ಕೃತಿ ಹಾಳೆಯಿಂದ ಬೆರಳು ತೆಗೆದಳು. ಮನೆಯಲ್ಲಿ ಎಷ್ಟು ಬೇಡಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ, ಆ ಕೋಣೆಯಲ್ಲಿ ಮೂವರನ್ನು ಬಿಟ್ಟು ಇನ್ನಾರಿಗೂ ತಿಳಿಯದಂತೆ, ಕನ್ನಡದಲ್ಲಿ ಕೇಳಿದಳು:

"ತಾತ, ನೀವು ಆ ವಾಲ್ವ್ ಬಿಚ್ಚಿ ನೋಡಿದ್ರಾ?"