ಜೋತುಬೀಳುವ ಪರೀಕ್ಷೆ

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಮಾವ ಲಾಂಡ್ರಿಯ ಸೂರಿನಡಿಯಲ್ಲಿ ವಿದ್ಯುತ್ ತಂತಿ ಹಾಸಲು ಕಟ್ಟಿದ್ದ ಕೇಬಲ್ ಟ್ರೇಗೆ ಎರಡೂ ಕೈಯಿಂದ ಜೋತುಬಿದ್ದಿದ್ದರು. ಅವರ ಕಾಲುಗಳು ನೆಲದಿಂದ ಸೊಂಟದೆತ್ತರದಲ್ಲಿ ಅಲ್ಲಾಡುತ್ತಿದ್ದವು. ಅಂಗಿ ಪ್ಯಾಂಟಿನಿಂದ ಹೊರಬಂದು ಹೊಟ್ಟೆಯ ಒಂದು ಪಾಲು ಊರಿಗೆಲ್ಲ ಕಾಣುತ್ತಿತ್ತು. ಕೆಳಗೆ ಅಳಿಯ ಅಲ್ಯೂಮಿನಿಯಂ ಏಣಿಯನ್ನು ಹಿಡಿದು ನಿಂತಿದ್ದ.

"ಇನ್ನೂ ಎಷ್ಟು ಹೊತ್ತು?" ಎಂದು ಲಾಂಡ್ರಿಯ ಯಜಮಾನಿ ಕೇಳಿದಳು.

"ಟ್ರೇ ಸುಸ್ತಾಗೋವರೆಗೆ ಇಲ್ಲಾ ನಾನು ಸುಸ್ತಾಗೋವರೆಗೆ" ಎಂದರು ಮಾವ, ಮೇಲಿನಿಂದಲೇ. "ಯಾರು ಮೊದಲು ಅನ್ನೋದೇ ಪರೀಕ್ಷೆ."

ಇಸ್ತ್ರಿ ಮೇಜಿನ ಹಿಂದಿದ್ದ ಆಳನ್ನು ಎಲ್ಲರೂ ಸುಕ್ಕಣ್ಣ ಎನ್ನುತ್ತಿದ್ದರು. ಬಟ್ಟೆಯ ಸುಕ್ಕನ್ನೆಲ್ಲ ತೆಗೆದು ತೆಗೆದು ಮುಖಕ್ಕೆ ಹಚ್ಚಿಕೊಂಡಂತಿದ್ದ ಮನುಷ್ಯ. ಅವನು ಇದ್ದಲಿನ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಸರ್ಕಸ್ಸಿಗೆ ಟಿಕೆಟ್ ಕೊಂಡವನ ಹಾಗೆ ಕೈಕಟ್ಟಿ ನಿಂತ.

ಮಾವ ಮೂವತ್ತು ವರ್ಷದಿಂದ ವಿದ್ಯುತ್ ಕೆಲಸದ ಗುತ್ತಿಗೆದಾರರು. ಕೇಬಲ್ ಹಾಸುವ ಮೊದಲು, ಮೇನ್ ಸ್ವಿಚ್ ಇಳಿಸಿ, ಪ್ರತಿ ಟ್ರೇಗೂ ತಾವೇ ಜೋತುಬಿದ್ದು ನೋಡುವುದು ಅವರ ಪದ್ಧತಿ. ಶುರುಮಾಡಿದಾಗ ಅವರು ಕಡ್ಡಿಯಂತಿದ್ದರು. ಈಗ ತೂಕ ಇಮ್ಮಡಿಯಾಗಿತ್ತು, ಪದ್ಧತಿ ಮಾತ್ರ ಹಾಗೇ ಇತ್ತು. ಬೇರೆ ಯಾರಾದರೂ ಟ್ರೇ ಮೇಲೆ ಒಂದು ಊಟದ ಡಬ್ಬಿ ಇಟ್ಟರೂ ಅವರು ಹಾರಿಬೀಳುತ್ತಿದ್ದರು: "ಟ್ರೇ ಇರೋದು ಕೇಬಲ್ಲಿಗೆ! ಅದೇನು ನಿಮ್ಮ ಅತ್ತೆ ಮನೆ ಅಟ್ಟವಾ?"

"ಮಾವ, ಇದು ಕೇಬಲ್ಲಿನ ತೂಕಕ್ಕೆ ಲೆಕ್ಕ ಹಾಕಿರೋದು. ಮನುಷ್ಯರು ಜೋತುಬೀಳಬಾರದು ಅಂತ ಕಂಪನಿಯವರೇ ಬರೆದಿರ್ತಾರೆ" ಎಂದು ಅಳಿಯ ಹಲವು ಸಲ ಹೇಳಿದ್ದ.

"ಬರೆದೋನು ಜೋತುಬಿದ್ದು ನೋಡಿದಾನಾ?" ಎಂದು ಮಾವ ಅಷ್ಟೇ ಸಲ ಕೇಳಿದ್ದರು.

ಈ ಸಲದ ಪರೀಕ್ಷೆ ಟ್ರೇಗಿಂತ ಹೆಚ್ಚಾಗಿ ಅಳಿಯನದು. ಮದುವೆಯಾದಾಗಿನಿಂದ ಅವನು ಮಾವನ ಹಿಂದೆ ಉಪಕರಣದ ಚೀಲ ಹೊತ್ತು ತಿರುಗುತ್ತಿದ್ದ. ಲಾಂಡ್ರಿಯಲ್ಲಿ ಮಾತ್ರ ಟ್ರೇ ಆರಿಸಿದ್ದು, ಕೂರಿಸಿದ್ದು ಎಲ್ಲ ಅವನೊಬ್ಬನೇ. ಇದು ಪಾಸಾದರೆ ಸೋಮವಾರ ಶುರುವಾಗುವ ಶೀತಲಗೃಹದ ಕೆಲಸ ಪೂರ್ತಿ ಅವನದು. ಇಲ್ಲವಾದರೆ ಮತ್ತೆ ಚೀಲ.

ಆರಿಸುವಾಗಲೇ ಮನೆಯಲ್ಲಿ ಒಂದು ಯುದ್ಧ ನಡೆದಿತ್ತು. ಮಾವನಿಗೆ ತಳ ಮುಚ್ಚಿದ, ಪೆಟ್ಟಿಗೆಯಂಥ ಟ್ರೇ ಬೇಕಿತ್ತು. ನೋಡಲು ಅಚ್ಚುಕಟ್ಟು ಎಂದು ಅವರ ವಾದ. ಅಳಿಯ ಏಣಿಯಂಥದ್ದನ್ನು ಹಿಡಿದು ಕೂತ: ಎರಡು ಉದ್ದ ಕಂಬಿ, ನಡುವೆ ಅಡ್ಡಪಟ್ಟಿ, ಮೇಲೆ ದಪ್ಪ ಸತುವಿನ ಲೇಪ. ಲಾಂಡ್ರಿಯಲ್ಲಿ ದಿನವಿಡೀ ಆವಿ. ತಳ ಮುಚ್ಚಿದರೆ ನೀರು ನಿಲ್ಲುತ್ತದೆ, ಬಟ್ಟೆಯ ನವಿರು ಎಳೆ ಕೂತು ಮೆತ್ತೆಯಾಗುತ್ತದೆ, ಬಿಸಿಯಾದ ಕೇಬಲ್ಲಿನ ಪಕ್ಕದಲ್ಲಿ ಅಂಥ ಮೆತ್ತೆ ಇರಬಾರದು.

"ಏಣಿನ ಯಾರಾದ್ರೂ ಅಡ್ಡ ಮಲಗಿಸಿ ಸೂರಿಗೆ ಕಟ್ತಾರೇನ್ರೀ ಅಳಿಯಂದ್ರೇ?" ಎಂದು ಮಾವ ನಕ್ಕಿದ್ದರು. ಅವರು ಬಹುವಚನಕ್ಕೆ ಏರಿದರೆಂದರೆ ಅಳಿಯನಿಗೆ ಗ್ರಹಚಾರ ಕಾದಿದೆಯೆಂದೇ ಅರ್ಥ.

ತೀರ್ಪು ಕೊಟ್ಟವಳು ಮಗಳು. "ಅಪ್ಪಾ, ನಿಮ್ಮ ಒದ್ದೆ ಬನೀನನ್ನ ಡಬ್ಬಿಯೊಳಗಿಟ್ಟು ಒಣಗಿಸಿ ಕೊಡ್ಲಾ?" ಎಂದು ಕೇಳಿ ಒಳಗೆ ಹೋಗಿದ್ದಳು. ಮಾವ ಸೋತಿದ್ದನ್ನು ಸೋತೆ ಎನ್ನದೆ, "ಆಯ್ತು, ಜೋತುಬಿದ್ದಾಗ ಗೊತ್ತಾಗುತ್ತೆ" ಎಂದಿದ್ದರು.

ಈಗ ಗೊತ್ತಾಗುತ್ತಿತ್ತು. ಪ್ಯಾನೆಲ್ಲಿನ ಹತ್ತಿರದ ಭಾಗ ಪಾಸಾಯಿತು. ಒಗೆಯುವ ಯಂತ್ರದ ಮೇಲಿನದೂ ಪಾಸಾಯಿತು. ಕತ್ತರಿಸಿದ ಅಂಚುಗಳನ್ನೆಲ್ಲ ಅಳಿಯ ಅರದಿಂದ ಉಜ್ಜಿ ನುಣುಪು ಮಾಡಿದ್ದರಿಂದ ಮಾವನ ಅಂಗೈಗೆ ಒಂದು ಗೀರೂ ಬೀಳಲಿಲ್ಲ. ಪ್ರತಿ ಸಲ ಇಳಿದಾಗಲೂ ಅವರು ಅಂಗೈಯನ್ನು ತಿರುಗಿಸಿ ನೋಡಿ, ಏನೂ ಸಿಗದೆ ಸ್ವಲ್ಪ ಬೇಸರಪಟ್ಟುಕೊಂಡರು.

"ಇನ್ನು ಆ ಮೂಲೆಯೊಂದು" ಎಂದು ಅವರು ಏಣಿಯನ್ನು ಒಣಗಿಸುವ ಯಂತ್ರದ ಪಕ್ಕಕ್ಕೆ ಎಳೆದು ಹತ್ತತೊಡಗಿದರು.

ಅಳಿಯ ಏಣಿ ಹಿಡಿದು ತಲೆಯೆತ್ತಿದ.

ಅವನಿಗೂ ಒಂದು ಪದ್ಧತಿಯಿತ್ತು. ಸ್ಪ್ಯಾನರಿನಿಂದ ಬಿಗಿದ ಪ್ರತಿ ನಟ್ಟಿಗೂ ಹೆಂಡತಿಯ ಕೆಂಪು ಉಗುರುಬಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದ. ನಟ್ಟು ಮುಂದೆ ಸಡಿಲಾದರೆ ಗೀಟು ಎರಡಾಗಿ ಕಾಣುತ್ತದೆ. ಗೋಡೆಯುದ್ದಕ್ಕೂ ಕೆಂಪು ಗೀಟುಗಳು ಸಾಲಾಗಿ ಬಂದಿದ್ದವು. ಮೂಲೆಯ ಜೋಡಣೆಯಲ್ಲಿ ಒಂದೂ ಇರಲಿಲ್ಲ. ನಿನ್ನೆ ಸಂಜೆ ಅಲ್ಲಿ ನಟ್ಟುಗಳನ್ನು ಬೆರಳಲ್ಲಿ ತಿರುಗಿಸಿ ಕೂರಿಸುತ್ತಿದ್ದಾಗ ಮಾವನ ಫೋನು ಬಂದಿತ್ತು. "ಮುಗೀತಾ?" ಎಂದು ಕೇಳಿದ್ದರು. ಇನ್ನೇನು ಮುಗಿದೇ ಹೋಯಿತಲ್ಲ ಎಂದು ಅವನು "ಮುಗೀತು ಮಾವ" ಅಂದುಬಿಟ್ಟಿದ್ದ. ತಾನಾಡಿದ ಮಾತನ್ನು ತಾನೇ ನಂಬಿ, ಏಣಿಯಿಳಿದು ಚೀಲ ಕಟ್ಟಿ ಮನೆಗೆ ಹೋಗಿದ್ದ.

ಹೇಳಿದರೆ ಶೀತಲಗೃಹ ಹೋಯಿತು. ಹೇಳದಿದ್ದರೆ ಮಾವ ಹೋದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಒಂದು ದಾರಿಯನ್ನು ಅವನು ಹುಡುಕಿದ.

"ಮಾವ, ಟೀ ಆರ್ತಿದೆ."

"ಆರ್ಲಿ. ಬಿಸಿ ಬಿಸಿ ಕುಡಿಯೋ ವಯಸ್ಸಾ ನನ್ನದು?"

"ಮೂಲೆಯಲ್ಲಿ ಧೂಳು ಮಾವ, ಅಂಗಿ ಕೊಳೆಯಾಗುತ್ತೆ."

"ಲಾಂಡ್ರಿಯೊಳಗೆ ನಿಂತು ಕೊಳೆಗೆ ಹೆದರೋದಾ! ಏನ್ ಯಜಮಾನಿಯವರೇ, ಇವರ ಮಾತು ಕೇಳಿದ್ರಾ?"

ಮಾವ ತುದಿಯ ಮೆಟ್ಟಿಲಲ್ಲಿ ನಿಂತು ಅಂಗೈಗಳನ್ನು ಉಜ್ಜಿಕೊಂಡು, ಎರಡೂ ಕೈಯಿಂದ ಟ್ರೇ ಹಿಡಿದರು. ಒಂದು ಕಾಲು ಏಣಿ ಬಿಟ್ಟಿತು.

"ಅಲ್ಲಿ ಬೇಡ ಮಾವಾ!" ಎಂದು ಅಳಿಯ ಕಿರುಚಿದ. "ನಟ್ಟು ಬಿಗಿದಿಲ್ಲ!"

"ಆಂ?" ಎಂದು ಮಾವ ತಟ್ಟನೆ ತಿರುಗಿದರು. ತಿರುಗಿದ ರಭಸಕ್ಕೆ ಅವರ ಮೊಣಕಾಲು ಏಣಿಗೆ ಬಡಿಯಿತು. ಒದ್ದೆ ನೆಲದಲ್ಲಿ ಏಣಿ ಅಳಿಯನನ್ನೂ ಕರೆದುಕೊಂಡು ಜಾರಿ ಇಸ್ತ್ರಿ ಮೇಜಿನಡಿ ಸೇರಿತು. ಮಾವ ಮೇಲೆಯೇ ಉಳಿದರು.

"ಏನಂದ್ರಿ ಅಳಿಯಂದ್ರೇ?" ಸೂರಿನಿಂದ ಶಾಂತವಾದ ದನಿ ಕೇಳಿತು.

"ನಟ್ಟು ಬಿಗಿದಿಲ್ಲ ಅಂದೆ" ಎಂದ ಅಳಿಯ, ಮೇಜಿನಡಿಯಿಂದ. "ಆ ಜೋಡಣೆಯಲ್ಲಿ. ಬರೀ ಬೆರಳಲ್ಲಿ ತಿರುಗಿಸಿರೋದು."

ಜೋಡಣೆ ಮಾವನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಅವರು ಅದನ್ನು ನೋಡಿದರು. "ಬೆರಳಲ್ಲಿ" ಎಂದರು.

"ಹೌದು ಮಾವ."

"ಯಾವ ಬೆರಳಲ್ಲಿ?"

"ಮಾತು ಆಮೇಲೆ ಆಡಿ!" ಎಂದು ಸುಕ್ಕಣ್ಣ ಬಟ್ಟೆಯ ತಳ್ಳುಗಾಡಿಯೊಂದನ್ನು ದೂಡಿಕೊಂಡು ಓಡಿಬಂದ. ಅದರ ತುಂಬ ಬೆಡ್‌ಶೀಟುಗಳನ್ನು ಮಡಿಸಿಡಲಾಗಿತ್ತು.

"ಅಯ್ಯೋ, ಅದಲ್ಲ!" ಯಜಮಾನಿ ಅಡ್ಡ ಬಂದಳು. "ಅವು ಒಗೆದು ಇಸ್ತ್ರಿಯಾಗಿರೋವು! ಮಧ್ಯಾಹ್ನ ಆಸ್ಪತ್ರೆಗೆ ಹೋಗ್ಬೇಕು. ಕೊಳೆ ಗಾಡಿ ತಗೊಂಡು ಬಾ!"

"ಅಮ್ಮಾ, ಇವ್ರು ಬೀಳ್ತಾವ್ರೆ!"

"ಬೀಳಲಿ, ಕೊಳೆ ಗಾಡಿಗೆ ಬೀಳಲಿ! ಯಜಮಾನ್ರೇ, ಸ್ವಲ್ಪ ತಡ್ಕೊಳ್ಳಿ!"

"ನಾನು ತಡ್ಕೊಂಡಿದೀನಿ" ಎಂದರು ಮಾವ. ಅವರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. "ಕೈ ಬೇರೆ ಏನೋ ಹೇಳ್ತಿದೆ."

ಅಳಿಯ ಎದ್ದವನೇ ಹೋಟೆಲಿನ ಕೊಳೆ ಬಟ್ಟೆಯ ಗಾಡಿಯನ್ನು ಎಳೆದುಕೊಂಡು ಬಂದ. ಅದು ಕಾಲಡಿಗೆ ಬರುವುದಕ್ಕೂ ಮಾವನ ಬೆರಳು ಬಿಚ್ಚಿಕೊಳ್ಳುವುದಕ್ಕೂ ಸರಿಹೋಯಿತು. ಧೊಪ್ಪೆಂಬ ಮೆತ್ತನೆಯ ಸದ್ದಾಯಿತು. ಮೇಜುಬಟ್ಟೆಗಳ ರಾಶಿಯಲ್ಲಿ ಮಾವ ಸೊಂಟದವರೆಗೆ ಹೂತುಹೋದರು. ಒಂದು ಕರವಸ್ತ್ರ ಅವರ ತಲೆಯ ಮೇಲೆ ಬಂದು ಕೂತಿತು.

ಎಲ್ಲರೂ ಮೇಲೆ ನೋಡಿದರು. ಟ್ರೇ ಇದ್ದಲ್ಲೇ ಇತ್ತು. ಜೋಡಣೆಯ ಎರಡೂ ಬದಿಗೆ, ಹತ್ತಿರದಲ್ಲೇ, ಅಳಿಯ ಒಂದೊಂದು ಆಧಾರ ಕೊಟ್ಟಿದ್ದ. ಅವು ಅಲುಗಿರಲಿಲ್ಲ.

ಮಾವನ ಮುಖ ಅರಳಿತು. ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡೇ, "ನೋಡಿದ್ರಾ!" ಎಂದರು. "ಬಿದ್ದಿದ್ದು ನಾನು, ಟ್ರೇ ಅಲ್ಲ. ಪಾಸು!"

"ಅಂದ್ರೆ" ಎಂದು ಸುಕ್ಕಣ್ಣ ನಿಜವಾಗಿಯೂ ತಿಳಿಯದೆ ಕೇಳಿದ, "ನಟ್ಟು ಬಿಗಿದ್ರೂ ಪಾಸು, ಬಿಗೀದಿದ್ರೂ ಪಾಸಾ?"

ಮಾವ ತಲೆಯ ಮೇಲಿನ ಕರವಸ್ತ್ರವನ್ನು ತೆಗೆದು, ಮಡಿಸಿ, ಪಕ್ಕದಲ್ಲಿಟ್ಟರು.

"ಮಷೀನು ನಡುಗೋದಕ್ಕೆ" ಎಂದರು ಕೊನೆಗೆ, ತಮಗೆ ತಾವೇ ಹೇಳಿಕೊಳ್ಳುವಂತೆ. "ನಡುಗಿ ನಡುಗಿ ಒಂದೊಂದೇ ನಟ್ಟು ಉದುರೋದು. ಆಮೇಲೆ ಅರ್ಥಿಂಗ್ ಪಟ್ಟಿ ಬಿಟ್ಟು, ಟ್ರೇ ಮುಟ್ಟಿದೋನಿಗೆ ಶಾಕ್ ಹೊಡೆಯೋದು." ಮೂಲೆಯ ಜೋಡಣೆಯನ್ನು ಮತ್ತೊಮ್ಮೆ ನೋಡಿ, "ಬಿಸ್ಕತ್ತಿನ ಕಾರ್ಖಾನೆಯಲ್ಲೂ ನಾನು ಬರೀ ಜೋತುಬಿದ್ದು ಪಾಸು ಮಾಡಿದ ಒಂದು ಮೂಲೆ ಇತ್ತು" ಎಂದರು.

"ಮಾವ?"

"ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಎರಡು." ಅವರು ಅಳಿಯನನ್ನು ನೋಡಿದರು. ಬೈಗುಳಕ್ಕೆ ಅವನು ತಲೆತಗ್ಗಿಸಿ ನಿಂತಿದ್ದ. "ನಿಂತ್ಕೊಂಡು ಏನ್ ನೋಡ್ತೀಯ? ಸ್ಪ್ಯಾನರ್ ತಗೊಂಡು ಹತ್ತು. ಮೊದಲಿಂದ ಬಾ, ಕೆಂಪು ಇದ್ದದ್ದನ್ನೂ ಬಿಡ್ಬೇಡ."

ಬಹುವಚನ ಹೋಗಿ ಏಕವಚನ ಬಂದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಅಳಿಯನಿಗೆ ತಿಳಿಯಲಿಲ್ಲ. ಅವನು ಹತ್ತಿದ. ಮಾವ ಗಾಡಿಯಿಂದ ಇಳಿಯಲಿಲ್ಲ. ಸುಕ್ಕಣ್ಣ ಅವರನ್ನು ಕೂರಿಸಿಕೊಂಡೇ ಟ್ರೇಯ ಉದ್ದಕ್ಕೂ ನಿಧಾನವಾಗಿ ದೂಡುತ್ತ ಹೋದ. ಒಂದೊಂದು ನಟ್ಟಿನ ಕೆಳಗೂ ಅವರು "ಹೂಂ" ಎಂದರು. ಮೂಲೆಯಲ್ಲಿ ಅಳಿಯ ಬಿಗಿದು ಕೆಂಪು ಗೀಟು ಎಳೆದಾಗಲೂ "ಹೂಂ" ಎಂದರು. ಶೀತಲಗೃಹದ ಮಾತು ಮಾತ್ರ ದಾರಿಯಲ್ಲೂ ಬರಲಿಲ್ಲ, ಊಟಕ್ಕೆ ಕೂತಾಗಲೂ ಬರಲಿಲ್ಲ.

"ಶೀತಲಗೃಹ ಏನಾಯ್ತು?" ಎಂದು ರಾತ್ರಿ ಹೆಂಡತಿ ಕೇಳಿದಳು.

"ತಣ್ಣಗಾಯ್ತು" ಎಂದು ಅಳಿಯ ಗೋಡೆಯ ಕಡೆ ತಿರುಗಿ ಮಲಗಿದ.

ಭಾನುವಾರ ಮಾವ ಬಿಸ್ಕತ್ತಿನ ಕಾರ್ಖಾನೆಗೆ ಹೋಗಿ, ಅಲ್ಲಿಂದ ಪ್ರೆಸ್ಸಿಗೆ ಹೋಗಿ, ಸಂಜೆ ಮೈತುಂಬ ಧೂಳು ಮಾಡಿಕೊಂಡು ಬಂದರು. ಸಡಿಲ ನಟ್ಟುಗಳನ್ನೆಲ್ಲ ಬಿಗಿದ ಸ್ಪ್ಯಾನರನ್ನು ಒರೆಸಿ ಚೀಲಕ್ಕೆ ಹಾಕಿದರು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅಳಿಯ ಎಂದಿನಂತೆ ಚೀಲವನ್ನು ಮಾವ ಓಡಿಸುವ ವ್ಯಾನಿನ ಹಿಂದೆ ಇಟ್ಟು, ಎಡಗಡೆಯ ಸೀಟಿನಲ್ಲಿ ಕೂತು ಕಾದ. ಮಾವ ಒಳಗಿನಿಂದ ಬಂದರು. ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು, ಕಾಲಿಗೆ ಮನೆಯ ಚಪ್ಪಲಿಯಿತ್ತು. ವ್ಯಾನಿನ ಕಡೆ ನೋಡದೆ ಅಂಗಳ ದಾಟಿ ಹೋಗಿ, ಒಂದೇ ಕೈಯಲ್ಲಿ ಗೇಟನ್ನು ಪೂರ್ತಿ ತೆರೆದು, ಅದನ್ನು ಹಿಡಿದುಕೊಂಡು ಪಕ್ಕಕ್ಕೆ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಅಳಿಯ ಸ್ಟಿಯರಿಂಗಿನ ಕಡೆಗೆ ಸರಿದು ಕೂತ.